ಕಂಪನಿಯದಲ್ಲದ ಒಂದು ಟಾಕಾ

ಮೊನ್ನೆ ಮುಂಬಯಿಯ ಸಯನ್‌ನ ನಮ್ಮ ಫ್ಲ್ಯಾಟಿನಲ್ಲಿ ಕೆಟ್ಟುಹೋದ ರೇಡಿಯೋಗೆ ಬೆಸುಗೆ ಹಾಕುತ್ತಿದ್ದೆ. ರಾಳದ ಹೊಗೆ ಮೂಗಿಗೆ ಬಡಿದದ್ದೇ ತಡ, ಭಾಂಡುಪ್‌ನ ಚಾಚಾ ನೆನಪಾದರು...

ವಿಜಯಪುರದ ಕಡೆಯವರು. ಚಾಳಿನ ಒಂದು ಖೋಲಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ರಿಪೇರಿ ಮಾಡುತ್ತಿದ್ದರು. ಯಾರ ಕೈಗೆ ಹಳೆಯ ವಿದೇಶಿ ಗಿಟಾರ್ ಸಿಕ್ಕರೂ ಅಸಲಿಯೋ ನಕಲಿಯೋ ಎಂದು ಕೇಳಲು ಅವರಲ್ಲಿಗೇ ಓಡುತ್ತಿದ್ದರು. ಧಾರವಾಡದ ನಾನೋ, ಇಂಗ್ಲಿಷ್ ಪುಸ್ತಕ ತರಿಸಿ ಯಾವ ವರ್ಷ ಯಾವ ಸ್ಕ್ರೂ ಹಾಕಿದರು ಎಂಬುದನ್ನೂ ಬಾಯಿಪಾಠ ಮಾಡಿದವನು. ಅವರು ಕನ್ನಡಕ ಹಣೆಗೇರಿಸಿ ಒಮ್ಮೆ ಬಗ್ಗಿ ನೋಡಿದರೆ ಮುಗಿಯಿತು. ಹೊಟ್ಟೆಕಿಚ್ಚಿನಿಂದ ಬೆಂದುಹೋಗುತ್ತಿದ್ದೆ.

ಒಂದು ಸಲ ಮಲಾಡಿನ ವಾದಕನೊಬ್ಬ ತಾನು ಕೊಂಡ ಹಳೆಯ ಗಿಟಾರನ್ನು ನನ್ನಲ್ಲಿಗೆ ತಂದ. ನಂಬರು, ಬಣ್ಣ, ತಂತಿ ಎಲ್ಲ ನೋಡಿ, ಪೂರ್ತಿ ಕಂಪನಿಯದೇ, ಒಳಗೆ ಯಾರೂ ಕೈ ಹಾಕಿಲ್ಲ ಎಂದೆ. ಆದರೂ ಆ ಪುಣ್ಯಾತ್ಮ, "ಒಮ್ಮೆ ಚಾಚಾನಿಗೆ ತೋರಿಸುವಾ ಸರ್" ಎಂದ. ಮೈ ಉರಿಯಿತು. ಹೋದೆವು.

ಖೋಲಿಯಲ್ಲಿ ಇನ್ನೂ ನಾಲ್ಕು ಜನರಿದ್ದರು. ಚಾಚಾ ಗಿಟಾರಿನ ಮುಚ್ಚಳ ಬಿಚ್ಚಿ ಒಂದು ಬೆಸುಗೆಯ ಮೇಲೆ ಬೆರಳಿಟ್ಟರು. ಬಟ್ಟೆಯ ಹೊಲಿಗೆಗೆ ಹೇಳುವ ಹಾಗೆ ಬೆಸುಗೆಗೂ ಅವರು ಟಾಕಾ ಎನ್ನುತ್ತಿದ್ದರು.

"ಈ ಒಂದ್ ಟಾಕಾ ಕಂಪನೀದಲ್ಲ ತಮ್ಮಾ. ಆಮ್ಯಾಲ ಹಾಕಿದ್ದೈತಿ."

"ಹೆಂಗ ಹೇಳ್ತೀರಿ ಚಾಚಾ? ಕಣ್ಣು ಒಮ್ಮೆ ಚೆಕ್ ಮಾಡಿಸ್ರಿ," ಎಂದೆ. ಎಲ್ಲರೂ ನಕ್ಕರು. ಏನೋ ಹೇಳಲು ಬಾಯಿ ತೆರೆದ ಚಾಚಾ ನನ್ನ ಮುಖ ನೋಡಿ, "ಇರಬೇಕ್ ಬಿಡು" ಎಂದು ಮುಚ್ಚಳ ಹಾಕಿದರು.

ಜನ ಹೊರಟ ಮೇಲೆ ನನ್ನನ್ನು ತಡೆದು ಮೆಲ್ಲಗೆ ಹೇಳಿದರು: "ಆ ಟಾಕಾ ನಾನ ಹಾಕಿದ್ದು. ಹಳೇ ಮಾಲಕ ತಂದಿದ್ದ. ಮಂದ್ಯಾಗ ನಿನ್ನ ಮಾತ ಬೀಳಬಾರ್ದಂತ ಸುಮ್ಮನಾದೆ. ನೀನ ಅವಗ ಹೇಳು."

ಹೇಳಲಿಲ್ಲ. ಅವರ ಆ ದೊಡ್ಡ ಗುಣದ ಮೇಲೂ ನನಗೆ ಹೊಟ್ಟೆಕಿಚ್ಚೇ ಆಯಿತು! ಚಾಚಾನ ಕಣ್ಣು ಮಂಜಾಗಿದೆ ಎಂಬ ಮಾತು ಹಬ್ಬಿತು, ಹಬ್ಬಲಿ ಎಂದು ಬಿಟ್ಟೆ. ಗಿಟಾರುಗಳು ನನ್ನ ಮನೆಗೆ ಬರತೊಡಗಿದವು. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು... ಮಣ್ಣಿಗೂ ನಾನು ಹೋಗಲಿಲ್ಲ.

ಮೊನ್ನೆ ರೇಡಿಯೋ ಅಲ್ಲೇ ಬಿಟ್ಟು ಮಲಾಡಿನ ಆ ವಾದಕನಿಗೆ ಫೋನ್ ಮಾಡಿದೆ. ನಿನ್ನ ಗಿಟಾರಿನ ಒಂದು ಬೆಸುಗೆ ಕಂಪನಿಯದಲ್ಲ, ಚಾಚಾ ಹೇಳಿದ್ದೇ ಸರಿ, ನನಗೆ ಅವತ್ತೇ ಗೊತ್ತಿತ್ತು ಎಂದು ಒಂದೇ ಉಸಿರಿಗೆ ಒಪ್ಪಿಕೊಂಡೆ.

ಅವನು ಕೇಳಿದ: "ಯಾವ ಚಾಚಾ, ಸರ್?"

ಹೆಸರು ಹೇಳೋಣವೆಂದು ಬಾಯಿ ತೆರೆದೆ. ಅಷ್ಟು ವರ್ಷ ಅವರ ಮೇಲೆ ಹೊಟ್ಟೆಕಿಚ್ಚು ಪಟ್ಟ ನನಗೂ ಅವರ ಹೆಸರು ಗೊತ್ತಿರಲಿಲ್ಲ.