ಬೇರು ನೋಡುವ ಭಾವ

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದ ಭಾವನಿಗೆ ಒಳಗೇನಿದೆ ಎಂದು ನೋಡದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಅದಕ್ಕೇ ಆರ್ಕಿಡ್ ಗಿಡಕ್ಕೆ ಎಲ್ಲರೂ ಮಣ್ಣಿನ ಬದಲು ಹಾಕುವ ಇದ್ದಿಲು, ತೊಗಟೆ ಬಿಟ್ಟು, ನೀರು ಕುಡಿದು ಉಬ್ಬುವ ಪಾರದರ್ಶಕ ಮಣಿಗಳನ್ನು ಗಾಜಿನ ಜಾಡಿಗೆ ತುಂಬಿ ಅದರಲ್ಲಿ ನೆಟ್ಟರು. ನಾದಿನಿ ಅಯ್ಯೋ ಪಾಪವೆಂದು ದಿನಾ ನೀರು ಸುರಿದು ಅದರ ಬೇರು ಕೊಳೆಸಿದಳು. ಭಾವ ಇನ್ನೊಂದು ಗಿಡ ನೆಟ್ಟು, ಆ ಎರಡನೆಯ ಜಾಡಿಯನ್ನು ಅವಳ ಕೈಗೇ ಕೊಟ್ಟರು.

"ಬೇರು ಹಸಿರಾಗಿದ್ರೆ ಮುಟ್ಟಬೇಡ. ಬೆಳ್ಳಗಾಗಿ, ಮಣಿ ಸಣ್ಣಗಾದ್ಮೇಲೆ ನೀರು ಹಾಕು, ಮಿಕ್ಕಿದ್ದನ್ನ ಬಸಿದುಬಿಡು."

ವರ್ಷದ ಮೇಲೆ ಹೂ ಬಿಟ್ಟಿತು. ನೋಡಲು ಬಂದ ನೆರೆಯವರ ಮುಂದೆ ನಾದಿನಿ, ಥೇಟ್ ಭಾವ ಎಕ್ಸ್‌ರೇ ಹಾಳೆ ಹಿಡಿಯುತ್ತಿದ್ದ ಹಾಗೆ, ಜಾಡಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

"ಹೂ ಎಲ್ಲಿಗೂ ಓಡಿಹೋಗಲ್ಲ ಕಣ್ರೀ, ಮೊದಲು ಬೇರು ನೋಡಿ!"