ಮಂಡಿಯ ನಡುವಿನ ವೀಳ್ಯದೆಲೆ

ಅಕ್ಕನಿಗೆ ಹೆಣ್ಣಿನ ಹಾಗೆ ನಡೆಯುವುದನ್ನು ಕಲಿಸಿದವನು ನಾನು. ಆಗ ನನಗೆ ಹದಿಮೂರು, ಅವಳಿಗೆ ಹದಿನೇಳು. ಯುದ್ಧ ನಡೆಯುತ್ತಿತ್ತು, ಪೆಟ್ರೋಲ್ ಸಿಗದೆ ಇದ್ದಿಲಿನ ಬಸ್ಸುಗಳು ಓಡಾಡುತ್ತಿದ್ದವು. ಇಷ್ಟರ ಮಟ್ಟಿಗೆ ನೆನಪನ್ನು ನಂಬಬಹುದು.

ಹೊಳೆನರಸೀಪುರದಲ್ಲಿ ನಮ್ಮದು ತೆಂಗಿನಕಾಯಿ ವ್ಯಾಪಾರದ ಮನೆ. ತೋಟ ಹೊಳೆಯಾಚೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಕ್ಕ ಸೀರೆ ಎತ್ತಿ ಕಟ್ಟಿ ಆಳುಗಳಿಗೆ ಬುತ್ತಿ ಒಯ್ಯುತ್ತಿದ್ದಳು. ಬಂಡೆಯಿಂದ ಬಂಡೆಗೆ ಕಾಲು ಹಾಕುವವರ ಹೆಜ್ಜೆ ದೊಡ್ಡದಾಗಿಯೇ ಇರುತ್ತದೆ. ಊರೊಳಗೂ ಅವಳು ಹಾಗೆಯೇ ನಡೆಯುತ್ತಿದ್ದಳು. ನೋಡಲು ಬಂದ ಎರಡು ಮನೆಯವರು ಬೇಡವೆಂದರು. ಚನ್ನರಾಯಪಟ್ಟಣದವರು ಕಾರಣವನ್ನೂ ಹೇಳಿ ಕಳಿಸಿದ್ದರು: ಹುಡುಗಿ ನಡೆದರೆ ಗಂಡಸು ನಡೆದಂತಿದೆ. ಮೂರನೆಯವರು ಅರಕಲಗೂಡಿನಿಂದ ಬರುವವರಿದ್ದರು.

"ಇವ್ರೂ ಒಲ್ಲೆ ಅಂದ್ರೆ ಇನ್ಯಾರೂ ನಮ್ ಹೊಸ್ಲು ತುಳಿಯಾಕಿಲ್ಲ" ಎಂದಳು ಅವ್ವ.

ಅದೇ ತಿಂಗಳು ನಾನು ಶಾಲೆಯ ನಾಟಕದಲ್ಲಿ ರಾಣಿಯಾಗಿದ್ದೆ. ಕಲಿಸಿದ ಮೇಷ್ಟ್ರು ಚಿಕ್ಕಂದಿನಲ್ಲಿ ಯಾವುದೋ ಕಂಪೆನಿಯಲ್ಲಿ ಹೆಣ್ಣುಪಾತ್ರ ಮಾಡಿದವರು. ಎರಡು ಮಂಡಿಗಳ ನಡುವೆ ಒಂದು ವೀಳ್ಯದೆಲೆ ಸಿಕ್ಕಿಸಿ ನನ್ನನ್ನು ನಡೆಸುತ್ತಿದ್ದರು. "ಎಲೆ ಬೀಳ್ಬಾರ್ದು ಕಣ್ಲಾ, ನುರೀಲೂ ಬಾರ್ದು. ಎಲೆ ಉಳೀತು ಅಂದ್ರೆ ನೀನು ಹೆಂಗ್ಸು." ನಾನು ಎಲೆ ಉಳಿಸಿದೆ. ಅವರಿಗೆ ಇದನ್ನು ಕಲಿಸಿದವರೂ ಒಬ್ಬ ಗಂಡಸೇ ಅಂತೆ.

ನಾಟಕ ಮುಗಿದ ಮಾರನೆಯ ಬೆಳಗ್ಗೆ ಅವ್ವ ರಾಗಿ ಬೀಸುವುದನ್ನು ನಿಲ್ಲಿಸಿ ನನ್ನನ್ನು ಕರೆದಳು. "ಲೇ, ನಿನ್ನೆ ನಡೆದ್ಯಲ್ಲ, ಅದ್ನ ನಿಮ್ಮಕ್ಕುಂಗೂ ಹೇಳ್ಕೊಡು."

ಹಿತ್ತಿಲಿನಲ್ಲಿ ಪಾಠ. ಚಡ್ಡಿ ಹಾಕಿಕೊಂಡೇ ನಾನು ಬಾವಿಯಿಂದ ಬಾಗಿಲವರೆಗೆ ನಡೆದು ತೋರಿಸಿದೆ.

"ಥೂ, ನಿನ್ ಸೊಂಟ ನೋಡ್ಲಾ!" ಅಕ್ಕ ನಗುತ್ತ ಕೂತೇಬಿಟ್ಟಳು. "ನಿನ್ನೇ ತೋರಿಸ್ಬುಡಾನ ಅರಕಲಗೂಡ್ನೋರ್ಗೆ."

ಅವಳ ಎಲೆ ಮೂರನೆಯ ಹೆಜ್ಜೆಗೆ ಬಿತ್ತು. ಮತ್ತೆ ಇಟ್ಟೆವು, ಮತ್ತೆ ಬಿತ್ತು. ದಿನಗಳು ಕಳೆದಂತೆ ಎಲೆ ಬೀಳುವುದು ನಿಂತಿತು. ನಗು ಯಾವ ದಿನ ನಿಂತಿತೋ ನನಗೆ ಗೊತ್ತಿಲ್ಲ. ನಾನು ಕಾಲುಗಳನ್ನು ನೋಡುತ್ತಿದ್ದೆ.

ಅವರು ಬಂದ ದಿನ ಅಕ್ಕ ನೀಲಿ ಸೀರೆ ಉಟ್ಟಿದ್ದಳೆಂದು ಬರೆಯಲು ಕೈ ಹೋಗುತ್ತದೆ. ಅವಳ ಹತ್ತಿರ ನೀಲಿ ಸೀರೆ ಇರಲಿಲ್ಲ. ನೀಲಿ ಸೀರೆ ಉಟ್ಟಿದ್ದವನು ನಾನು, ನಾಟಕದಲ್ಲಿ.

ಗಂಡಿನ ತಾಯಿ ಚಾಪೆಯ ಮೇಲೆ ಕೂತು, "ಒಂದ್ ಲೋಟ ನೀರು ತತ್ತಾರವ್ವ" ಎಂದರು. ಬಾಯಾರಿಕೆಗಲ್ಲ, ನಡಿಗೆ ನೋಡಲು, ಎಲ್ಲರಿಗೂ ಗೊತ್ತಿತ್ತು. ಅಕ್ಕ ನೀರು ತಂದಳು. ಎಲೆ ಅಡಿಕೆಯ ತಟ್ಟೆ ತಂದು ಅವರ ಮುಂದಿಟ್ಟಳು. ಚೆನ್ನಾಗಿ ನಡೆದಳು, ನನಗಿಂತ ಚೆನ್ನಾಗಿ. ಆಮೇಲೆ ಕಾಲಿಗೆ ಬೀಳಲು ಬಗ್ಗಿದಾಗ ಸೀರೆಯೊಳಗಿಂದ ಒಂದು ವೀಳ್ಯದೆಲೆ ಜಾರಿ ನೆಲಕ್ಕೆ ಬಿತ್ತು.

ನಾಟಕದ ದಿನ ಎಲೆ ತೆಗೆದುಬಿಡು ಎಂದು ಮೇಷ್ಟ್ರು ನನಗೆ ಹೇಳಿದ್ದರು. ಅಕ್ಕನಿಗೆ ನಾನು ಹೇಳಿರಲಿಲ್ಲ. ಎಲೆ ಬಿದ್ದ ಸದ್ದು ಕೇಳಿತೆಂದು ಹಿಂದೊಮ್ಮೆ ಬರೆದಿದ್ದೆ. ಎಲೆ ಬಿದ್ದರೆ ಸದ್ದಾಗುವುದಿಲ್ಲ. ಆ ಸಾಲು ಹೊಡೆದುಹಾಕಿದೆ.

ಗಂಡಿನ ತಾಯಿ ಎಲೆಯನ್ನು ನೋಡಿದರು, ತಟ್ಟೆಯನ್ನು ನೋಡಿದರು. "ನೋಡ್ರಪ್ಪಾ, ತಟ್ಟೆಯಿಂದ ತಾನಾಗೇ ನನ್ ಕಾಲ್ತಾವ್ಕೆ ಬಂದ್ಬುಡ್ತು! ವೀಳ್ಯ ಕೊಟ್ಮೇಲೆ ಇನ್ನೇನ್ ಮಾತು? ಶಾಸ್ತ್ರ ಆದಂಗೇ ಕಣವ್ವ." ವೀಳ್ಯ ಬದಲಾಯಿಸಿದರೆ ಮದುವೆ ಗೊತ್ತಾಯಿತೆಂದೇ ನಮ್ಮಲ್ಲಿ ಲೆಕ್ಕ. ಬಾಡಿ ಬೆಚ್ಚಗಿದ್ದಿರಬಹುದಾದ ಆ ಎಲೆಯನ್ನು ಅವರು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಪ್ಪಯ್ಯ "ಶಿವನ ಚಿತ್ತ" ಎಂದರು. ನಾನು ಅಕ್ಕನ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಅದನ್ನೂ ನಾನೇ ಕಲಿಸಿದ್ದೆ.

ಅವಳು ಮದುವೆಯಾಗಿ ಹೋದ ಮೇಲೂ ನನ್ನ ಕಾಲಿನಲ್ಲಿ ಆ ನಡಿಗೆ ಉಳಿದಿತ್ತು. ಹುಡುಗರು "ಅಮ್ಮಣ್ಣೀ, ಎಲ್ಲಿಗೋಯ್ತೀರಿ?" ಎಂದು ಕೂಗುತ್ತಿದ್ದರು. ಅಪ್ಪಯ್ಯ ನನ್ನ ಬೆನ್ನ ಮೇಲೆ ಕಾಯಿಯ ಮೂಟೆ ಹೊರಿಸಿ ಹಿಂದೆ ಕೋಲು ಹಿಡಿದು ಬಂದರು. "ಕಾಲು ಅಗಲ್ಸು. ಇನ್ನೂ ಅಗಲ್ಸು." ಆ ನಡಿಗೆ ಬಿಡಲು ಒಂದು ಬೇಸಿಗೆ ಹಿಡಿಯಿತು. ನೋವಾಯಿತೇ ಎಂದರೆ, ನೆನಪಿಲ್ಲ. ಮೂಟೆಯ ವಾಸನೆ ನೆನಪಿದೆ.

ಎರಡು ವರ್ಷದ ನಂತರ ಅರಕಲಗೂಡಿಗೆ ಹೋದೆ. ಅಕ್ಕ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬೀದಿಯಲ್ಲಿ ಬರುತ್ತಿದ್ದಳು, ರಾಣಿಯ ಹೆಜ್ಜೆಯಲ್ಲಿ.

ಜಗಲಿಯ ಮೇಲಿಂದ ಅವಳ ಅತ್ತೆ, "ನೀರಿಗೋದ್ರೆ ಹೊತ್ತು ಮುಳುಗಿಸ್ಬುಡ್ತಾಳೆ ಕಣಪ್ಪಾ ನಿಮ್ಮಕ್ಕ. ಬಿರ್‌ಬಿರ್ನೆ ನಡ್ಯಾಕೆ ಏನ್ ದಾಡಿ ಇವ್ಳಿಗೆ?" ಎಂದರು.

ನೀರುಮನೆಯಲ್ಲಿ ನಾನು ಮೆಲ್ಲಗೆ ಹೇಳಿದೆ: "ಅಕ್ಕ, ಹೊಳೆ ದಾಟ್ತಿದ್ಯಲ್ಲ, ಅಂಗೇ ನಡಿಯಕ್ಕ. ಇದ್ನ ಬಿಟ್ಬುಡು."

"ನಡ್ದು ನೋಡ್ದೆ ಕಣ್ಲಾ. ಬರಾಕಿಲ್ಲ." ಅವಳು ಕೊಡವನ್ನು ಹಂಡೆಗೆ ಬಗ್ಗಿಸಿದಳು. "ನಿಂಗೆಂಗೆ ಬಿಡ್ತು?"

"ಅಪ್ಪಯ್ಯ ಬಿಡಿಸಿದ್ರು."

"ಊಂ" ಎಂದಳು. ಸಿಟ್ಟಿನಿಂದಲ್ಲ. ಎರಡನೆಯ ಕೊಡವನ್ನೂ ಬಗ್ಗಿಸಿದಳು.

ಸಂಜೆ ಬಸ್ಸಿಗೆ ಹೊರಟಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬೀದಿ ನೇರವಾಗಿತ್ತು, ಕೊನೆಯವರೆಗೂ ನಾನು ಅವಳಿಗೆ ಕಾಣುತ್ತಿದ್ದೆ. ಕಾಲನ್ನು ಎಷ್ಟು ಅಗಲಿಸಿ ಇಡಬೇಕೆಂದು ತಿಳಿಯಲಿಲ್ಲ. ಬಸ್ಸಿನವನು ಹಾರನ್ ಒತ್ತಿದ. ನಡೆದೆ.