ನನ್ನ ಹುಬ್ಬುಗಳ ನಡುವೆ ಕೂತ ಅಜ್ಜಿ

ಹೋದ ತಿಂಗಳು ನಮ್ಮಮ್ಮ ನನ್ನನ್ನು ನೋಡಿ ಎದ್ದು ನಿಂತಳು. ಎದ್ದವಳು ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು.

ಮಗಳನ್ನು ನೋಡಿ ತಾಯಿ ಯಾಕೆ ಎದ್ದು ನಿಲ್ಲಬೇಕು? ಮೂಳೆ ಡಾಕ್ಟರೂ ಅದನ್ನೇ ಕೇಳಿದರು. ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಾ ಅಮ್ಮ ನನ್ನ ಕಡೆ ಒಮ್ಮೆ ನೋಡಿ, ಅವರಿಗೆ ಮೆಲ್ಲಗೆ ಹೇಳಿದಳು, "ನಮ್ಮತ್ತೆ ಬಂದ್ರಲ್ಲ ಸಾರ್. ಸೊಸೆ ಕೂತಿರಕ್ಕಾಗತ್ತಾ?"

ಅತ್ತೆ ಅಂದರೆ ನಾನು.

ಅಮ್ಮನಿಗೆ ಎಪ್ಪತ್ತನಾಲ್ಕು. ಎರಡು ವರ್ಷದಿಂದ ಮರೆವಿನ ಕಾಯಿಲೆ. ಬ್ಯಾಂಕಿನ ಕೆಲಸದಿಂದ ವಿಆರ್‌ಎಸ್ ತಗೊಂಡು, ಬಸವೇಶ್ವರನಗರದ ಮನೆಯಲ್ಲಿ ನಾನೇ ಅವಳನ್ನು ನೋಡಿಕೊಳ್ಳುತ್ತಿದ್ದೇನೆ. (ಹಾಗಂತ ನಾನು ಹೇಳುತ್ತೇನೆ. ಅವಳನ್ನು ಕೇಳಿದರೆ ಬೇರೆ ಹೇಳಬಹುದು.) ಬೆಳಿಗ್ಗೆ ತಿಂದ ಉಪ್ಪಿಟ್ಟು ನೆನಪಿರುವುದಿಲ್ಲ. ಮದುವೆಯಾಗಿ ಬಂದ ಬಿನ್ನಿಪೇಟೆಯ ವಠಾರ ಮಾತ್ರ ಗೋಡೆಯ ಮೊಳೆ ಸಮೇತ ನೆನಪಿದೆ.

ಆ ವಠಾರದ ಎರಡು ಕೋಣೆಯ ಮನೆಗೆ ಅಪ್ಪನ ಅಮ್ಮನೇ ಯಜಮಾನಿ. ಅವಳ ಎದುರು ಸೊಸೆ ಕೂರುವಂತಿಲ್ಲ. ಅಕ್ಕಿ ಆರಿಸುತ್ತಿದ್ದರೂ ಅತ್ತೆ ಒಳಗೆ ಬಂದರೆ ಮೊರ ಕೆಳಗಿಟ್ಟು ಏಳಬೇಕು, ಸೆರಗು ಹೊದೆಯಬೇಕು, ಅವಳು ಹೋಗುವವರೆಗೂ ನಿಂತಿರಬೇಕು. ತುಂಬಿದ ಬಸುರಿಗೂ ಇದರಲ್ಲಿ ರಿಯಾಯಿತಿ ಇರಲಿಲ್ಲ. (ಹೊಟ್ಟೆಯಲ್ಲಿದ್ದದ್ದು ನಾನೇ.)

ಅಜ್ಜಿಯ ಚೆಂದದ ಮೂಗು ನನಗೆ ಬರಲಿಲ್ಲ. ಬಣ್ಣವೂ ಬರಲಿಲ್ಲ. ಬಂದದ್ದು ಹುಬ್ಬುಗಂಟು ಒಂದೇ. ಎರಡು ಹುಬ್ಬುಗಳ ನಡುವೆ ಎರಡು ನೆಟ್ಟನೆಯ ಗೆರೆ, ಯಾರೋ ಇಂಗ್ಲಿಷಿನಲ್ಲಿ ಹನ್ನೊಂದು ಅಂತ ಬರೆದ ಹಾಗೆ. ಮೊದಲೆಲ್ಲ ಸಿಟ್ಟು ಬಂದಾಗ ಮಾತ್ರ ಕಾಣುತ್ತಿತ್ತು. ಐವತ್ತು ದಾಟಿದ ಮೇಲೆ ನಾನು ನಗುತ್ತಿದ್ದರೂ ಅಲ್ಲೇ ಇರುತ್ತದೆ. ಮುಖ ನೋಡಿ ಅಮ್ಮ ಮೋಸಹೋದದ್ದರಲ್ಲಿ ತಪ್ಪೇನಿದೆ?

"ಮೇಡಂ, ಇನ್ನೊಂದ್ಸಲ ಬಿದ್ರೆ ಸೊಂಟ ಮುರಿಯತ್ತೆ. ಈ ವಯಸ್ಸಲ್ಲಿ ಸೊಂಟ ಮುರಿದ್ರೆ..." ಅಂದ ಮೂಳೆ ಡಾಕ್ಟರು ಮಾತು ಮುಗಿಸಲಿಲ್ಲ. ಮುಗಿಸಬೇಕಾಗಿಯೂ ಇರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ನಾನು ಅಮ್ಮನ ರೂಮಿಗೆ ಹೋಗಬೇಕು. ಇಪ್ಪತ್ತು ಸಲವೂ ಅವಳು ಏಳುತ್ತಾಳೆ. ಹಾಗಾದರೆ ಈ ಮುಖ ಹೊತ್ತು ಒಳಗೆ ಹೋಗುವುದು ಹೇಗೆ?

ಪಕ್ಕದ ಮನೆಯ ಶಾಂತಾ ಒಂದು ಉಪಾಯ ಹೇಳಿದರು. "ದೊಡ್ಡದೊಂದು ಸ್ಟಿಕ್ಕರ್ ಇಟ್ಕೊಳ್ರೀ, ಗೆರೆ ಮುಚ್ಚೋಗತ್ತೆ." ಅಂಗಡಿಯಲ್ಲಿದ್ದ ಅತಿ ದೊಡ್ಡ ಕೆಂಪು ಸ್ಟಿಕ್ಕರ್ ತಂದು ಅಂಟಿಸಿಕೊಂಡು, ಕಾಫಿ ಹಿಡಿದು ಒಳಗೆ ಹೋದೆ. ಅಮ್ಮ ಎದ್ದದ್ದಷ್ಟೇ ಅಲ್ಲ, ಪ್ಲಾಸ್ಟರ್ ಕೈಯಲ್ಲೇ ನನ್ನ ಕಾಲಿಗೆ ಬೀಳಲು ಬಂದಳು. ಆಮೇಲೆ ಜ್ಞಾನೋದಯವಾಯಿತು. ಅಜ್ಜಿ ಹಣೆಗೆ ನಾಲ್ಕಾಣೆ ಅಗಲದ ಕುಂಕುಮ ಇಡುತ್ತಿದ್ದಳು! ನನ್ನಲ್ಲಿ ಅದೊಂದು ಕಮ್ಮಿಯಿತ್ತು, ಅದನ್ನೂ ನಾನೇ ದುಡ್ಡು ಕೊಟ್ಟು ತಂದಿದ್ದೆ.

ಹಣೆಗೆ ಟೇಪ್ ಅಂಟಿಸಿಕೊಂಡು ಮಲಗಿದರೆ ಗೆರೆ ಹೋಗುತ್ತದೆ ಅಂತ ಯಾವುದೋ ಮ್ಯಾಗಜೀನಿನಲ್ಲಿತ್ತು. ಹುಬ್ಬಿನ ಕೂದಲು ಹೋಯಿತು. ಕಣ್ಣು ಕಿರಿದು ಮಾಡಿ ಓದುವುದರಿಂದ ಹೀಗಾಗಿದೆ ಅಂತ ಒಬ್ಬರೆಂದರು, ಹೊಸ ಕನ್ನಡಕ ಬಂತು. ವಿಜಯನಗರದ ಪಾರ್ಲರಿನಲ್ಲಿ ಫೇಶಿಯಲ್ ಮಾಡಿದ ಹುಡುಗಿ, "ಹೆಂಗೆ ಗ್ಲೋ ಬಂತು ನೋಡಿ ಆಂಟಿ" ಅಂದಳು. ನಿಜ. ಹನ್ನೊಂದೂ ಹೊಳೆಯುತ್ತಿತ್ತು.

ಕೊನೆಗೆ ರಾಜಾಜಿನಗರದ ಸ್ಕಿನ್ ಕ್ಲಿನಿಕ್. ಸೀರೆ ಅಂಗಡಿಯ ಮೇಲಿನ ಮಹಡಿ. ಕಾಯುತ್ತಿದ್ದವರೆಲ್ಲ ಮದುವೆ ನಿಶ್ಚಯವಾದ ಹುಡುಗಿಯರು, ಜೊತೆಗೆ ಅವರ ತಾಯಂದಿರು. ಅವರ ನಡುವೆ ಐವತ್ತೆರಡರ ನಾನು.

ಡಾಕ್ಟರ್ ಚಿಕ್ಕ ಹುಡುಗಿ. ತೊಳೆದಿಟ್ಟ ತಟ್ಟೆಯಂಥ ಹಣೆ. ನನ್ನ ಹಣೆಯನ್ನು ಬೆರಳಿನಿಂದ ಒತ್ತಿ ನೋಡಿ, "ಇಷ್ಟು ಆಳದ ಗೆರೆಗೆ ಕ್ರೀಮ್ ಸಾಲಲ್ಲ. ಮೇಲ್ಪದರ ಸುಲಿಯೋ ಪೀಲ್ ಮಾಡಿದ್ರೆ ಚರ್ಮ ಸ್ವಲ್ಪ ನಯವಾಗತ್ತೆ ಅಷ್ಟೇ. ಗೆರೆ ತುಂಬಿಸೋ ಫಿಲ್ಲರ್ ಈ ಜಾಗದಲ್ಲಿ ರಿಸ್ಕು, ನಾನು ಹಾಕಲ್ಲ. ಬೊಟಾಕ್ಸ್ ಇಂಜೆಕ್ಷನ್ ಟ್ರೈ ಮಾಡ್ಬಹುದು. ಗಂಟಿಕ್ಕೋ ಸ್ನಾಯು ಸ್ವಲ್ಪ ದಿನ ಸುಮ್ನಿರತ್ತೆ" ಅಂದರು.

"ಸ್ವಲ್ಪ ದಿನ ಅಂದ್ರೆ?"

"ಮೂರ್ನಾಲ್ಕು ತಿಂಗಳು. ಆಮೇಲೆ ಮತ್ತೆ ಬರ್ಬೇಕು. ಪೂರ್ತಿ ಹೋಗತ್ತೆ ಅಂತ ಹೇಳಲ್ಲ, ಕಮ್ಮಿಯಾಗತ್ತೆ. ಏನು ಆಂಟಿ, ಮಗಳ ಮದುವೇನಾ?"

"ಅಲ್ಲ. ನಮ್ಮಮ್ಮ ಹೆದರ್ಕೊಳ್ತಾರೆ."

ಪೂರ್ತಿ ಕಥೆ ಹೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆಮೇಲೆ ಸೂಜಿ ಹಿಡಿದು, "ಈಗ ಒಂದ್ಸಲ ಜೋರಾಗಿ ಗಂಟಿಕ್ಕಿ" ಅಂದರು. ಹುಟ್ಟಿದಾಗಿನಿಂದ ಎಲ್ಲರೂ ಹುಬ್ಬು ಸಡಿಲ ಮಾಡು ಅಂದವರೇ. ಗಂಟಿಕ್ಕು ಅಂತ ಕೇಳಿಕೊಂಡವರು ಇವರೊಬ್ಬರೇ. ಐದು ಕಡೆ ಚುಚ್ಚಿದರು. ನಾಲ್ಕು ಗಂಟೆ ಹೊತ್ತು ಮಲಗಬೇಡಿ ಅಂತ ಹೇಳಿ ಕಳಿಸಿದರು. (ನಮ್ಮನೆಯಲ್ಲಿ ಹಗಲು ಮಲಗಲು ಯಾರು ಬಿಡುತ್ತಾರೆ?)

ಐದನೇ ದಿನ ಕನ್ನಡಿಯಲ್ಲಿ ಹನ್ನೊಂದು ಮಸುಕಾಗಿತ್ತು. ಕಾಫಿ ಹಿಡಿದು ಅಮ್ಮನ ರೂಮಿನ ಬಾಗಿಲಲ್ಲಿ ನಿಂತೆ. ಅಮ್ಮ ನೋಡಿದಳು. ಏಳಲಿಲ್ಲ.

"ಬನ್ನಿ, ಕೂತ್ಕೊಳಿ. ನೀವು ಹೊಸದಾಗಿ ಬಂದಿರೋ ನರ್ಸಾ?"

ಮಗಳು ಅಂತ ಗುರುತು ಸಿಗದಿದ್ದರೇನು, ಕೂತೇ ಇದ್ದಾಳಲ್ಲ! "ಹೂಂ" ಅಂದುಬಿಟ್ಟೆ.

ಎಂಟು ದಿನ ನಾನು ನರ್ಸ್ ಆಗಿದ್ದೆ. ಈ ಎರಡು ವರ್ಷದಲ್ಲಿ ಅಷ್ಟು ಸಂತೋಷವಾಗಿ ನಾನು ಯಾವತ್ತೂ ಇರಲಿಲ್ಲ. ಅಮ್ಮ ನನ್ನ ಕೈಯಲ್ಲಿ ತಲೆ ಬಾಚಿಸಿಕೊಂಡಳು. ಅತ್ತೆಯ ಮೇಲೆ ಚಾಡಿ ಹೇಳಿದಳು. ಒಂದು ಮಧ್ಯಾಹ್ನ ಹೊಟ್ಟೆ ಮುಟ್ಟಿಕೊಂಡು, "ಹೆಣ್ಣಾದ್ರೆ ಅವಳನ್ನ ಯಾರ ಮುಂದೇನೂ ನಿಲ್ಸಲ್ಲ ಸಿಸ್ಟರ್. ಎಲ್ರ ಮುಂದೇನೂ ಕೂರಿಸ್ತೀನಿ" ಅಂದಳು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಒಂಬತ್ತನೇ ದಿನ ನಾನು ಅಡುಗೆಮನೆಯಲ್ಲಿದ್ದೆ. ಕಾಲಿಗೆ ತಣ್ಣಗಾಯಿತು. ನೋಡಿದರೆ ನಡುಮನೆ ತುಂಬ ನೀರು. ಅಮ್ಮ ಬಚ್ಚಲ ನಲ್ಲಿ ತಿರುಗಿಸಿ, ಹಾಗೇ ಬಿಟ್ಟು ರೂಮಿಗೆ ಹೋಗಿ ಕೂತಿದ್ದಳು. ಟ್ಯಾಂಕಿಗೆ ನೀರು ಬರುವುದು ದಿನ ಬಿಟ್ಟು ದಿನ. ಅವತ್ತು ಬರುವ ದಿನವಲ್ಲ. ಟ್ಯಾಂಕ್ ಖಾಲಿ. ನಿಂತಲ್ಲಿಂದಲೇ ಕೂಗಿದೆ.

"ಏನಿದು! ಎಷ್ಟು ಸಲ ಹೇಳ್ಬೇಕು ನಿಂಗೆ?"

ಒಳಗೆ ಕುರ್ಚಿ ಸರಿದ ಸದ್ದಾಯಿತು. ಓಡಿದೆ.

ಅಮ್ಮ ಒದ್ದೆ ನೆಲದ ಮೇಲೆ ಎದ್ದು ನಿಂತಿದ್ದಳು. ಒಂದು ಕೈ ಗೋಡೆಯ ಮೇಲೆ. ಪ್ಲಾಸ್ಟರ್ ಹಾಕಿದ ಕೈಯಲ್ಲಿ ಸೆರಗು ಎಳೆದುಕೊಳ್ಳುತ್ತಾ, ಅಡುಗೆಮನೆ ಕಡೆಯ ಗೋಡೆಗೆ ಹೇಳುತ್ತಿದ್ದಳು, "ಬಂದೆ ಅತ್ತೆ, ತಪ್ಪಾಯ್ತು." ಗೋಡೆಯಾಚೆ ಇದ್ದ ನನ್ನ ಮುಖ ಅವಳಿಗೆ ಹೇಗೆ ಕಂಡೀತು? ಅಷ್ಟು ಕೂಗಾಡಿದರೂ ನನ್ನ ಹುಬ್ಬು ಅಲುಗಿರಲಿಲ್ಲ.

ಬಾಗಿಲಲ್ಲಿ ನನ್ನನ್ನು ನೋಡಿದ್ದೇ ಅಮ್ಮನಿಗೆ ಜೀವ ಬಂದಂತಾಯಿತು. ನನ್ನ ಕೈ ಹಿಡಿದುಕೊಂಡಳು.

"ಸಿಸ್ಟರ್, ಅವ್ರು ಎದ್ದಿದಾರೆ. ನೀವು ಹಿಂದ್ಗಡೆ ಬಾಗ್ಲಿಂದ ಹೋಗ್ಬಿಡಿ. ಇಲ್ದಿದ್ರೆ ನಿಮಗೂ ಬೈತಾರೆ."

ಅವಳನ್ನು ಕೂರಿಸಿ ನೆಲ ಒರೆಸಿದೆ. ಒರೆಸುತ್ತಾ ನೆನಪಾಯಿತು. "ಎಷ್ಟು ಸಲ ಹೇಳ್ಬೇಕು ನಿಂಗೆ" ಅನ್ನುವುದು ಅಜ್ಜಿಯ ಮಾತು. ಅದೇ ರಾಗ, ಕೊನೆಯಲ್ಲಿ ಅದೇ ಎಳೆತ. ಚಿಕ್ಕವಳಿದ್ದಾಗ ದಿನಾ ಕೇಳಿದ್ದೇನೆ. ಈ ಎರಡು ವರ್ಷ ದಿನಕ್ಕೆಷ್ಟು ಸಲ ನಾನೇ ಹೇಳಿರಬಹುದು? ಡಾಕ್ಟರಿಗೆ ಪೂರ್ತಿ ಕಥೆ ಹೇಳಿದೆ ಅಂದೆನಲ್ಲ, ಇದನ್ನು ಮಾತ್ರ ಹೇಳಿರಲಿಲ್ಲ. ಅಮ್ಮ ಹೆದರಿದ್ದು ನನ್ನ ಹಣೆಗೆ ಅಂತ ನಂಬಿದ್ದರಿಂದ ನನಗೆ ಎಷ್ಟು ಅನುಕೂಲವಾಗಿತ್ತು ನೋಡಿ. ಹಣೆ ಅಜ್ಜಿ ಕೊಟ್ಟದ್ದು, ಅದಕ್ಕೆ ನಾನೇನು ಮಾಡಲಿ ಅನ್ನಬಹುದಿತ್ತು.

ಮಾರನೇ ದಿನ ಕ್ಲಿನಿಕ್ಕಿಗೆ ಮತ್ತೆ ತೋರಿಸಲು ಹೋಗಬೇಕಿತ್ತು. ಡಾಕ್ಟರ್ ಹಣೆ ನೋಡಿ, "ಸೂಪರ್ ರಿಸಲ್ಟ್ ಆಂಟಿ! ಈಗ ಅಮ್ಮ ಹೆದರಲ್ಲ ಅಲ್ವಾ?" ಅಂದರು. ಪಾಪ, ಅವರ ಕೆಲಸ ಅವರು ಚೆನ್ನಾಗಿಯೇ ಮಾಡಿದ್ದರು. ಹೂಂ ಅಂದು ಆಟೋ ಹತ್ತಿದೆ.

ಅಮ್ಮನಿಗೆ ಈಗ ಊಟದ ಹೊತ್ತಾಗಿದೆ. ತಟ್ಟೆ ಹಿಡಿದು ಅವಳ ರೂಮಿನ ಹೊರಗೆ ನಿಂತಿದ್ದೇನೆ. ನೀವೇ ಹೇಳಿ, ಅವಳನ್ನು ಯಾವ ದನಿಯಲ್ಲಿ ಕರೆಯಲಿ?